ದಂಡಿನ ಗಾಳಿ, ತೊಟ್ಟಿಯ ನೀರು

1883. ಮೈಸೂರು ಸೀಮೆ ಒಡೆಯರ ಕೈಗೆ ಮರಳಿ ಎರಡು ವರ್ಷವಾಗಿತ್ತು. ಬೆಂಗಳೂರಿನ ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿದಿತ್ತು. ಅಲ್ಲಿನ ಸೈನ್ಯಕ್ಕೆ ಹಂಗಾಮಿ ವೈದ್ಯನಾಗಿ ಬಂದ ರೊನಾಲ್ಡ್ ರಾಸ್‌ಗೆ ಆಗ 26 ವರ್ಷ. ಹುಟ್ಟಿದ್ದು ಹಿಮಾಲಯದ ಮಡಿಲಿನ ಅಲ್ಮೋರದಲ್ಲಿ, ಓದಿದ್ದು ಇಂಗ್ಲೆಂಡಿನಲ್ಲಿ. ವೈದ್ಯಕೀಯ ಅಪ್ಪನ ಹಟಕ್ಕೆ ಕಲಿತ ವಿದ್ಯೆ. ಮನಸ್ಸೆಲ್ಲ ಕವಿತೆ, ಸಂಗೀತ, ಗಣಿತದ ಮೇಲೆ. ಊರು ಅವನಿಗೆ ಹಿಡಿಸಿತು, ಹವೆ ಹಿಡಿಸಿತು, ಬಂಗಲೆಯೂ ಹಿಡಿಸಿತು. ಹಿಡಿಸದೇ ಹೋದದ್ದು ಸೊಳ್ಳೆ ಒಂದೇ.

ಸೊಳ್ಳೆ ಎಲ್ಲರ ಕೋಣೆಗೂ ಬರುತ್ತಿತ್ತು. ರಾಸ್ ಕೋಣೆಗೆ ಮಾತ್ರ ದಂಡೆತ್ತಿ ಬರುತ್ತಿತ್ತು. ಬೇರೆಯವರಾಗಿದ್ದರೆ ಹಣೆಬರಹವೆಂದು ಪರದೆ ಇಳಿಬಿಟ್ಟು ಮಲಗುತ್ತಿದ್ದರೇನೋ. ರಾಸ್‌ಗೆ ಗಣಿತದ ಚಟ. ಒಂದೇ ಸೂರಿನ ಕೆಳಗೆ ಪಕ್ಕದ ಕೋಣೆಗೆ ಕಡಿಮೆ, ತನಗೆ ಹೆಚ್ಚು ಎಂದರೆ ಎಲ್ಲೋ ಒಂದು ಲೆಕ್ಕ ಇರಬೇಕಲ್ಲ? ಹುಡುಕಿದ. ಕಿಟಕಿಯ ಹೊರಗೇ ಒಂದು ನೀರಿನ ತೊಟ್ಟಿ ಇತ್ತು. ಇಣುಕಿದರೆ ನೀರಿನ ತುಂಬ ಮೈ ಕೊಂಕಿಸಿ ಕುಣಿಯುವ ಸೊಳ್ಳೆಮರಿಗಳು. ತೊಟ್ಟಿಯನ್ನು ಬರಿದು ಮಾಡಿಸಿದ. ಕೋಣೆಯ ಸೊಳ್ಳೆ ಇಳಿಯಿತು.

ಉತ್ಸಾಹ ತಡೆಯಲಾಗಲಿಲ್ಲ. ಹೋಗಿ ಅಡ್ಜುಟೆಂಟ್ ಸಾಹೇಬನಿಗೆ ಹೇಳಿದ: ನಮ್ಮ ಮೆಸ್ಸಿನ ಹೂದಾನಿ, ಡಬ್ಬ, ಪೀಪಾಯಿಗಳಲ್ಲೂ ಇದೇ ಕತೆ, ಎಲ್ಲವನ್ನೂ ಚೆಲ್ಲಿಸಿಬಿಡೋಣ. ಸಾಹೇಬ ಒಪ್ಪಲಿಲ್ಲ. ಅದು ಸೃಷ್ಟಿಯ ಕ್ರಮವನ್ನೇ ಬುಡಮೇಲು ಮಾಡಿದಂತೆ. ದೇವರು ಸೊಳ್ಳೆಯನ್ನು ಯಾವುದೋ ಉದ್ದೇಶಕ್ಕೆ ಹುಟ್ಟಿಸಿದ್ದಾನೆ, ಸಹಿಸಿಕೊಳ್ಳುವುದೇ ನಮ್ಮ ಧರ್ಮ ಎಂದ. ಹಾಗಿದ್ದರೆ ತಿಗಣೆ, ಚಿಗಟಗಳಿಗೂ ಇದೇ ನ್ಯಾಯವೇ ಎಂದು ರಾಸ್ ವಾದಿಸಿ ನೋಡಿದ. ಪ್ರಯೋಜನವಾಗಲಿಲ್ಲ. ಈ ಪ್ರಸಂಗವನ್ನು ರಾಸ್ ಮುಂದೆ ತನ್ನ ನೆನಪುಗಳಲ್ಲಿ ಬರೆದಿಟ್ಟ.

ಸೊಳ್ಳೆಗೂ ಜ್ವರಕ್ಕೂ ನಂಟಿದೆ ಎಂದು ಆ ದಿನ ರಾಸ್‌ಗಾಗಲಿ ಸಾಹೇಬನಿಗಾಗಲಿ ಗೊತ್ತಿರಲಿಲ್ಲ. ಸೊಳ್ಳೆ ಎಂದರೆ ಕಿರಿಕಿರಿ, ಅಷ್ಟೆ. ಜ್ವರ ಎಲ್ಲಿಂದ ಬರುತ್ತದೆ ಎಂಬುದಕ್ಕೆ ದಂಡಿನಲ್ಲಿ ಎಲ್ಲರಿಗೂ ತಿಳಿದಿದ್ದ ಉತ್ತರ ಬೇರೆಯೇ ಇತ್ತು. ಜ್ವರ ಬರುವುದು ಗಾಳಿಯಿಂದ.

*

ನೋಡಹೋದರೆ ಬೆಂಗಳೂರಿನ ದಂಡು ಹುಟ್ಟಿದ್ದೇ ಗಾಳಿಯ ಮೇಲಿನ ನಂಬಿಕೆಯಿಂದ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತು. ಕಾವೇರಿಯ ನಡುಗಡ್ಡೆ, ಸುತ್ತ ಗದ್ದೆ, ನಾಲೆ. ಕೋಟೆ ಗೆದ್ದ ಸಿಪಾಯಿಗಳನ್ನು ಜ್ವರ ಗೆದ್ದಿತು. ಕೊನೆಗೆ 1809ರಲ್ಲಿ ದಂಡು ಎದ್ದು ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿಗೆ, ಹಲಸೂರಿನ ಮಗ್ಗುಲಿಗೆ ಬಂತು. ಕಾರಣ ಕೇಳಿದರೆ ಒಂದೇ ಮಾತು: ಅಲ್ಲಿನ ಗಾಳಿ ಕೆಟ್ಟದ್ದು, ಇಲ್ಲಿನದು ಒಳ್ಳೆಯದು. ಇಟಲಿಯವರು ಈ ಜ್ವರಕ್ಕೆ ಇಟ್ಟ ಹೆಸರಿನ ಅರ್ಥವೂ ಅದೇ. ‘ಮಾಲಾ ಆರಿಯಾ’, ಕೆಟ್ಟ ಗಾಳಿ. ಎರಡು ಪದ ಕೂಡಿ ಮಲೇರಿಯಾ ಆಯಿತು.

ದಂಡಿನಲ್ಲಿ ಇಂದಿನ ಶಿವಾಜಿನಗರ ಆಗ ಬ್ಲಾಕ್‌ಪಳ್ಳಿ. ಬಿಳಿಯಕ್ಕಿ ಬೆಳೆಯುತ್ತಿದ್ದ ಹಳ್ಳಿಯ ಹೆಸರು ದೊರೆಗಳ ಬಾಯಲ್ಲಿ ತಿರುಚಿ ಹೀಗಾಯಿತು ಎಂದು ಹೇಳುವುದುಂಟು. ಅಲ್ಲಿ 1860ರ ದಶಕದಲ್ಲಿ ಎದ್ದ ಬೌರಿಂಗ್ ಆಸ್ಪತ್ರೆಯ ನಕ್ಷೆಯಲ್ಲೂ ಗಾಳಿಯ ಭಯ ಕೂತಿತ್ತು. ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆಯ ಮಾದರಿ ಅದು: ಒಂದಕ್ಕೊಂದು ಅಂಟದ ಉದ್ದನೆಯ ವಾರ್ಡುಗಳು, ಎರಡೂ ಮಗ್ಗುಲಿಗೆ ಎತ್ತರದ ಕಿಟಕಿಗಳು, ನಡುವೆ ಬಯಲು. ರೋಗಿಯ ಉಸಿರಿನಿಂದ ಕೆಟ್ಟ ಗಾಳಿ ನಿಲ್ಲದೆ ಹರಿದುಹೋಗಲಿ ಎಂಬುದು ಆ ಕಾಲದ ವಾಸ್ತುಶಾಸ್ತ್ರ.

ದೊರೆಗಳನ್ನು ನೋಡಿ ನಗುವ ಹಾಗಿಲ್ಲ. ನಮ್ಮ ಮಾತನ್ನೇ ಕೇಳಿಸಿಕೊಳ್ಳಿ. ಗಾಳಿ ಸೋಕಿದೆ, ಗಾಳಿ ಮೆಟ್ಟಿದೆ, ನೀರುಗಾಳಿ ಒಗ್ಗಲಿಲ್ಲ, ಹವೆ ಬದಲಾಯಿಸಿ ಬಾ. ಬದುಕು ಎಂಬುದಕ್ಕೂ ಗಾಳಿಯೇ ಬೇಕು: ಉಸಿರು ಆಡುತ್ತಿದೆ, ಪ್ರಾಣವಾಯು ಹಾರಿತು. ಬದುಕಿಸುವುದೂ ಗಾಳಿ, ಕೊಲ್ಲುವುದೂ ಗಾಳಿ. ಈ ಎರಡನ್ನೂ ಒಂದೇ ಪದದಲ್ಲಿ ಕಟ್ಟಿ, ಅದರ ಮೇಲೆ ಇಡೀ ವೈದ್ಯಶಾಸ್ತ್ರವನ್ನೇ ನಿಲ್ಲಿಸಿದವರು ಮಾತ್ರ ಚೀನಾದವರು.

*

ಆ ಪದ ಚೀ. ಅವರ ಉಚ್ಚಾರಣೆಗೆ ಇನ್ನೂ ಹತ್ತಿರ ಹೋದರೆ ‘ಛೀ’ ಆಗುತ್ತದೆ, ಯಾರನ್ನೋ ಉಗಿದಂತೆ ಕೇಳಿಸುತ್ತದೆ. ಆದ್ದರಿಂದ ಇಲ್ಲಿ ಚೀ ಎಂದೇ ಇರಲಿ. ಅದನ್ನು ಬರೆಯುವ ಹಳೆಯ ಅಕ್ಷರ ನೋಡುವಂಥದ್ದು. ಕೆಳಗೆ ಅಕ್ಕಿಯ ಚಿಹ್ನೆ, ಮೇಲೆ ಏಳುವ ಆವಿಯ ಚಿಹ್ನೆ. ಬೇಯುವ ಅನ್ನದ ಹಬೆ! ಅನ್ನದಿಂದ ಪ್ರಾಣ ಎಂದು ನಂಬಿದ ನಮಗೆ ಈ ಅಕ್ಷರದ ಅರ್ಥ ಬಿಡಿಸಿ ಹೇಳಬೇಕಿಲ್ಲ. ಉಸಿರು, ಆವಿ, ಮಂಜು, ಹವೆ, ಮನುಷ್ಯನ ಕಸುವು, ಋತುಗಳ ಗುಣ ಎಲ್ಲವೂ ಚೀ. ‘ಜೀವಶಕ್ತಿ’ ಎಂಬ ಈಗಿನ ಅರ್ಥ ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡದ್ದು ತೀರ ಈಚೆಗೆ. ಜಾರ್ಜ್ ಸೂಲಿಯೆ ದ ಮೊರಾಂ ಎಂಬ ಫ್ರೆಂಚ್ ರಾಯಭಾರ ಅಧಿಕಾರಿ 1930ರ ದಶಕದಲ್ಲಿ ಸೂಜಿಚಿಕಿತ್ಸೆಯನ್ನು ಯೂರೋಪಿಗೆ ಪರಿಚಯಿಸುವಾಗ ಚೀಯನ್ನು ‘ಎನರ್ಜಿ’ ಎಂದು ಅನುವಾದಿಸಿದ. ವಿದ್ಯುತ್ತಿನ ಯುಗಕ್ಕೆ ಆ ಪದ ಹಿತವಾಗಿತ್ತು. ಅನ್ನದ ಹಬೆ ಅಂದಿನಿಂದ ತಂತಿಯಲ್ಲಿ ಹರಿಯುವ ಕರೆಂಟಿನಂತೆ ಕಾಣತೊಡಗಿತು.

ಮೂಲದಲ್ಲಿ ಚೀಗೆ ಎರಡು ಮುಖ. ಮೈಯನ್ನು ಕಾಯುವ ನೆಟ್ಟನೆಯ ಚೀ ಒಂದು. ಹೊರಗಿನಿಂದ ನುಗ್ಗುವ ಕೇಡಿನ ಚೀ ಇನ್ನೊಂದು. ಮೊದಲನೆಯದು ಗಟ್ಟಿಯಿದ್ದರೆ ಎರಡನೆಯದಕ್ಕೆ ಒಳಗೆ ಜಾಗವಿಲ್ಲ. ದಕ್ಷಿಣ ಚೀನಾದ ಕಾಡು, ಕಣಿವೆ, ಜೌಗಿನಲ್ಲಿ ಏಳುವ ಕೇಡಿನ ಚೀಗೆ ಪ್ರತ್ಯೇಕ ಹೆಸರೇ ಇತ್ತು: ಜಾಂಗ್ ಚೀ. ಯುನ್ನಾನ್ ಕಡೆಗೆ ನೇಮಕವಾದ ಉತ್ತರದ ಅಧಿಕಾರಿಗಳು ಆ ಹೆಸರು ಕೇಳಿಯೇ ಕಂಗೆಡುತ್ತಿದ್ದರು, ನಮ್ಮಲ್ಲಿ ಹಿಂದಿನ ತಲೆಮಾರಿನ ಗುಮಾಸ್ತರು ಮಲೆನಾಡಿಗೆ ವರ್ಗ ಎಂದೊಡನೆ ಕಂಗೆಟ್ಟ ಹಾಗೆ. ಜಾಂಗ್ ಚೀ ಎಂದರೂ ಮಾಲಾ ಆರಿಯಾ ಎಂದರೂ ಅರ್ಥ ಒಂದೇ. ಒಬ್ಬರನ್ನೊಬ್ಬರು ನೋಡದ ಎರಡು ನಾಡುಗಳು ಒಂದೇ ಜ್ವರಕ್ಕೆ ಒಂದೇ ಹೆಸರಿಟ್ಟಿದ್ದವು.

ಚೀನೀ ವೈದ್ಯದ ಮೂಲಗ್ರಂಥ ‘ಹುವಾಂಗ್‌ದಿ ನೈಜಿಂಗ್’ ಕಟ್ಟಿಕೊಂಡು ಸುಮಾರು ಎರಡು ಸಾವಿರ ವರ್ಷವಾಯಿತು. ಅದರ ‘ಸೂವೆನ್’ ಭಾಗದ 35ನೆಯ ಅಧ್ಯಾಯ ಪೂರ್ತಿ ಚಳಿಜ್ವರದ್ದೇ. ಗ್ರಂಥವನ್ನು ಕಾಡಿದ ಪ್ರಶ್ನೆ ಸೊಗಸಾಗಿದೆ. ಈ ಜ್ವರ ಯಾಕೆ ಗಡಿಯಾರ ಇಟ್ಟುಕೊಂಡು ಬರುತ್ತದೆ? ಒಬ್ಬನಿಗೆ ದಿನಾ, ಇನ್ನೊಬ್ಬನಿಗೆ ದಿನ ಬಿಟ್ಟು ದಿನ. ಕೆಲವರಿಗೆ ಪ್ರತಿದಿನ ಸ್ವಲ್ಪ ಸ್ವಲ್ಪ ತಡವಾಗಿ. ಗ್ರಂಥ ಕೊಟ್ಟ ಉತ್ತರ ಹೀಗಿದೆ: ಕೇಡಿನ ಚೀ ಕುತ್ತಿಗೆಯ ಹಿಂದೆ ನೆಲೆನಿಂತು ಬೆನ್ನೆಲುಬಿನಲ್ಲಿ ದಿನಕ್ಕೊಂದು ಮೂಳೆಯಂತೆ ಕೆಳಗಿಳಿಯುತ್ತದೆ. ಮೈಯಲ್ಲಿ ಸುತ್ತುವ ಕಾವಲಿನ ಚೀಗೆ ಅದು ಎದುರಾಗುವ ಹೊತ್ತು ಹಾಗಾಗಿ ದಿನದಿನಕ್ಕೆ ತಡವಾಗುತ್ತದೆ. ಎದುರಾದಾಗಲೇ ನಡುಕ, ಕಾವು, ಬೆವರು. ಕೇಡು ಇನ್ನೂ ಆಳಕ್ಕೆ ಹೊಕ್ಕಿದ್ದರೆ ಭೇಟಿ ದಿನ ಬಿಟ್ಟು ದಿನ. ನಮ್ಮ ಆಯುರ್ವೇದದವರೂ ವಿಷಮಜ್ವರವನ್ನು ತೃತೀಯಕ, ಚತುರ್ಥಕ ಎಂದು ದಿನದ ಲೆಕ್ಕದಲ್ಲೇ ವಿಂಗಡಿಸಿದ್ದರು.

ಬೆನ್ನುಮೂಳೆ ಇಳಿಯುವ ಚೀಯನ್ನು ಯಾರೂ ಕಂಡಿಲ್ಲ. ಆದರೆ ಜ್ವರದ ಹೊತ್ತನ್ನು ಅವರು ಕಂಡಿದ್ದರು, ರೋಗಿಯ ಮಂಚದ ಪಕ್ಕ ಕೂತು ಎಣಿಸಿದ್ದರು. ವಿವರಣೆ ಊಹೆ, ಎಣಿಕೆ ನಿಜ. ಈ ಕತೆಯಲ್ಲಿ ಇವೆರಡನ್ನೂ ಬೇರೆ ಬೇರೆ ಗಂಟಾಗಿ ಹಿಡಿದುಕೊಳ್ಳಬೇಕು.

*

ಎಣಿಕೆಯ ಒಗಟು ಬಿಡಿಸಿದವು ಸೂಕ್ಷ್ಮದರ್ಶಕಗಳು. 1880ರಲ್ಲಿ ಆಲ್ಜೀರಿಯಾದ ಫ್ರೆಂಚ್ ಸೇನಾ ಆಸ್ಪತ್ರೆಯಲ್ಲಿ ಶಾರ್ಲ್ ಲಾವೆರಾನ್ ಮಲೇರಿಯಾ ರೋಗಿಯ ನೆತ್ತರಲ್ಲಿ ಬದುಕಿರುವ ಜೀವಿಯನ್ನು ಕಂಡ. ಅದರ ಒಡಲಲ್ಲಿ ಕಪ್ಪು ಕಣಗಳಿದ್ದವು. 1886ರ ಹೊತ್ತಿಗೆ ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ಜ್ವರದ ಗಡಿಯಾರವನ್ನು ಹಿಡಿದ: ಆ ಜೀವಿ ಕೆಂಪುರಕ್ತಕಣದೊಳಗೆ ಬೆಳೆದು, ಸಾವಿರಾರು ಕಣಗಳು ಒಟ್ಟಿಗೇ ಒಡೆಯುವ ಗಳಿಗೆಯೇ ಚಳಿ ಏಳುವ ಗಳಿಗೆ. ಒಂದು ಜಾತಿಗೆ 48 ಗಂಟೆ, ಇನ್ನೊಂದಕ್ಕೆ 72. ಬೆನ್ನುಮೂಳೆಯ ಇಳಿತ ಬೇಡವಾಯಿತು.

ಆದರೂ ಗಾಳಿ ಸೋಲಲಿಲ್ಲ. ನೆತ್ತರಿನಲ್ಲಿರುವ ಈ ಜೀವಿ ನೆತ್ತರಿಗೆ ಬಂದದ್ದಾದರೂ ಹೇಗೆ? ಜೌಗಿನ ಆವಿಯಲ್ಲಿ ತೇಲಿ ಬಂತು ಎನ್ನುವವರೇ ಹೆಚ್ಚು. 1894ರಲ್ಲಿ ರಜೆಗೆ ಲಂಡನ್ನಿಗೆ ಹೋದ ರಾಸ್‌ಗೆ ಪ್ಯಾಟ್ರಿಕ್ ಮ್ಯಾನ್ಸನ್ ಬೇರೊಂದು ದಿಕ್ಕು ತೋರಿಸಿದ. ಈ ಮ್ಯಾನ್ಸನ್ ಚೀನಾದ ಅಮೋಯ್ ಬಂದರಿನಲ್ಲಿ ವರ್ಷಗಟ್ಟಲೆ ವೈದ್ಯನಾಗಿದ್ದವನು. ಆನೆಕಾಲು ರೋಗದ ಹುಳು ಸೊಳ್ಳೆಯ ಹೊಟ್ಟೆ ಸೇರಿ ಬೆಳೆಯುತ್ತದೆಂದು 1877ರಲ್ಲಿ ಅಲ್ಲೇ ಕಂಡಿದ್ದವನು. ಮಲೇರಿಯಾದ ಜೀವಿಗೂ ಸೊಳ್ಳೆಯೇ ವಾಹನ ಇರಬೇಕು ಎಂದು ಅವನ ಊಹೆ. ಊಹೆಯಲ್ಲಿ ಒಂದು ತಪ್ಪಿತ್ತು. ಸೊಳ್ಳೆ ಒಮ್ಮೆ ಕಚ್ಚಿ, ನೀರಿಗೆ ಬಿದ್ದು ಸಾಯುತ್ತದೆ. ಆ ನೀರು ಕುಡಿದವರಿಗೆ, ಇಲ್ಲವೆ ಅದರ ಧೂಳು ಉಸಿರಾಡಿದವರಿಗೆ ಜ್ವರ ಬರುತ್ತದೆ ಎಂದು ಅವನು ಭಾವಿಸಿದ್ದ. ಗಾಳಿಯ ಮಾತು ಬಾಗಿಲಲ್ಲಿ ಹೋಗಿ ಕಿಟಕಿಯಲ್ಲಿ ಬಂದಿತ್ತು.

1895ರ ಸೆಪ್ಟೆಂಬರಿನಲ್ಲಿ ರಾಸ್ ಮತ್ತೆ ಬೆಂಗಳೂರಿಗೆ ಬಂದ. ಈ ಸಲ ಬಂದದ್ದು ಕಾಲರಾ ಹತೋಟಿಗೆ. ದಂಡು ಪ್ರದೇಶಕ್ಕೆ ಆಗ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರು. ಹನ್ನೆರಡು ವರ್ಷದ ಹಿಂದೆ ಸೊಳ್ಳೆಯ ತೊಟ್ಟಿ ಇಣುಕಿದವನು ಈಗ ಊರಿನ ಬಾವಿ, ಚರಂಡಿ, ಗಲ್ಲಿಗಳಿಗೆ ಇಣುಕಿದ. ಸೊಳ್ಳೆಯ ಕೆಲಸ ಹಿಂದೆ ಬಿತ್ತು. ಸ್ಟೇಷನ್ನಿನ ಕಾಲರಾ ಮತ್ತು ನೈರ್ಮಲ್ಯದ ಮೇಲೆ ಅವನು ಬರೆದ ವರದಿ 1896ರಲ್ಲಿ ಅಚ್ಚಾಯಿತು.

ಬಿಡುವಾದಾಗೆಲ್ಲ ಸೂಕ್ಷ್ಮದರ್ಶಕ. ಸೊಳ್ಳೆಯ ನೀರು ಕುಡಿಸುವ ಪ್ರಯೋಗವನ್ನು ಸಿಕಂದರಾಬಾದಿನಲ್ಲಿ ಮಾಡಿ ನೋಡಿದ್ದ. ಮೊದಲ ಸಲ ಕುಡಿದವನಿಗೆ ಜ್ವರ ಬಂದು ಆಸೆ ಹುಟ್ಟಿಸಿತ್ತು; ಆಮೇಲಿನವು ಕೈಕೊಟ್ಟವು. ಕುಡಿಯುವುದರಿಂದಲ್ಲದಿದ್ದರೆ ಕಚ್ಚುವುದರಿಂದ ಇರಬಹುದೇ? ಪ್ರಯೋಗಕ್ಕೆ ಮೈ ಒಡ್ಡುವವರು ಬೇಕಿತ್ತು. ಮುಂದೆ ಬಂದವರಲ್ಲಿ ಬೌರಿಂಗ್ ಆಸ್ಪತ್ರೆಯ ಸಹಾಯಕ ಸರ್ಜನ್ ಒಬ್ಬರಿದ್ದರು. ರಾಸ್ ಬರೆದ ಹೆಸರು ‘ಅಪ್ಪಿಯಾ’. ನಮ್ಮ ಕಿವಿಗೆ ಅದು ಅಪ್ಪಯ್ಯ.

ಅಪ್ಪಯ್ಯನವರನ್ನು ಇಲ್ಲಿ ಒಂದು ಗಳಿಗೆ ನಿಂತು ನೋಡಬೇಕು. ಮಲೇರಿಯಾ ಏನು ಮಾಡುತ್ತದೆ ಎಂದು ದಿನಬೆಳಗಾದರೆ ವಾರ್ಡಿನಲ್ಲಿ ಕಾಣುವ ವೈದ್ಯರು ಅವರು. ರೋಗಿಯ ನೆತ್ತರು ಹೀರಿದ ಸೊಳ್ಳೆಗಳು ತನ್ನ ತೋಳಿಗೆ ಬರಲಿ ಎಂದು ಬಿಟ್ಟುಕೊಟ್ಟರು. ಅದೂ ಗಾಳಿಯ ದೋಷ ತೊಳೆಯಲೆಂದೇ ಕಟ್ಟಿದ ಆಸ್ಪತ್ರೆಯ ವೈದ್ಯರೊಬ್ಬರು, ಗಾಳಿಯ ಸಿದ್ಧಾಂತ ಸುಳ್ಳೇ ಎಂದು ತಿಳಿಯುವುದಕ್ಕೆ! ಸೊಳ್ಳೆಗಳು ಕಚ್ಚಿದವು. ಕಾದರು. ಅಪ್ಪಯ್ಯನವರಿಗೆ ಏನೂ ಆಗಲಿಲ್ಲ.

ಪ್ರಯೋಗ ಸೋತಿತು ಎಂದೇ ಬರೆದುಕೊಳ್ಳಬೇಕಾಯಿತು. ದಾರಿ ಸರಿಯಿತ್ತು, ಸವಾರಿ ತಪ್ಪಿತ್ತು. ರಾಸ್ ಬಳಸುತ್ತಿದ್ದದ್ದು ಕೈಗೆ ಸುಲಭವಾಗಿ ಸಿಗುವ ಬೂದು ಬಣ್ಣದ ಸೊಳ್ಳೆ ಮತ್ತು ಪಟ್ಟೆಪಟ್ಟೆಯ ಸೊಳ್ಳೆ. ಇಂದಿನ ಹೆಸರಲ್ಲಿ ಕ್ಯೂಲೆಕ್ಸ್ ಮತ್ತು ಈಡಿಸ್. ಮನುಷ್ಯರ ಮಲೇರಿಯಾ ಇವೆರಡರ ಹೊಟ್ಟೆಯಲ್ಲೂ ಬೆಳೆಯುವುದಿಲ್ಲ. ಸಾವಿರ ಸೊಳ್ಳೆ ಕೊಯ್ದರೂ ಸಿಗದೇ ಇದ್ದದ್ದಕ್ಕೆ ಕಾರಣ ಅದು. ಶಿವಾಜಿನಗರದ ಆ ವಾರ್ಡಿನಲ್ಲಿ ಸಿಕ್ಕ ಉತ್ತರ ‘ಇಲ್ಲ’ ಎಂಬುದು. ಆದರೆ ಯಾವುದು ಇಲ್ಲ? ಸೊಳ್ಳೆಯಿಂದಲೇ ಇಲ್ಲವೋ, ಈ ಸೊಳ್ಳೆಯಿಂದ ಇಲ್ಲವೋ? ಎರಡನೆಯ ಪ್ರಶ್ನೆ ಕೇಳಿಕೊಳ್ಳಲು ರಾಸ್‌ಗೆ ಇನ್ನೂ ಒಂದು ವರ್ಷ ಬೇಕಾಯಿತು.

*

1897ರ ಏಪ್ರಿಲ್. ರಜೆ ಹಾಕಿ ಊಟಿಗೆ ಹೋದ ರಾಸ್, ಬೆಟ್ಟದ ಬುಡದಲ್ಲಿ ಮೈಸೂರು ಸೀಮೆಯ ಕಡೆಗೆ ಇಳಿಯುವ ಸೀಗೂರು ಘಾಟಿಗೆ ಇಳಿದ. ಮಲೇರಿಯಾಕ್ಕೆ ಹೆಸರಾದ ಕಣಿವೆ. ಬೆಳಗಿನ ಮಂಜನ್ನೇ ಜನ ಜ್ವರದ ತಾಯಿ ಎನ್ನುತ್ತಿದ್ದರು. ಪರದೆ ಕಟ್ಟಿಕೊಂಡು ಮಲಗಿದರೂ ಕೆಲವೇ ದಿನಗಳಲ್ಲಿ ರಾಸ್‌ಗೆ ಚಳಿ ಏರಿತು. ಈ ಅಲೆದಾಟದಲ್ಲೇ ಒಂದು ಹೊಸ ಸೊಳ್ಳೆ ಕಣ್ಣಿಗೆ ಬಿತ್ತು. ರೆಕ್ಕೆಯ ಮೇಲೆ ಚುಕ್ಕೆ. ಗೋಡೆಯ ಮೇಲೆ ಕೂತರೆ ಬಾಲ ಮೇಲೆತ್ತಿ ಓರೆಯಾಗಿ ನಿಲ್ಲುವ ಠೀವಿ.

ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಅದೇ ಚುಕ್ಕೆರೆಕ್ಕೆಯ ಸೊಳ್ಳೆಗಳು ಮರಿಯಾಗಿ ಸಿಕ್ಕವು. 16ರಂದು ಹುಸೇನ್ ಖಾನ್ ಎಂಬ ರೋಗಿಯ ಮೇಲೆ ಬಿಟ್ಟರು. ಕಚ್ಚಿದ ಸೊಳ್ಳೆಗೆ ಒಂದಾಣೆ ಕೂಲಿ. ಹತ್ತು ಕಚ್ಚಿದವು, ಹತ್ತಾಣೆ. 20ರಂದು ಉಳಿದವುಗಳಲ್ಲೊಂದನ್ನು ಕೊಯ್ದಾಗ ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು, ಕೋಶದೊಳಗೆ ಕಪ್ಪು ಕಣಗಳು. ಲಾವೆರಾನ್ ನೆತ್ತರಲ್ಲಿ ಕಂಡಿದ್ದ ಅದೇ ಕಪ್ಪು. ಕಳ್ಳ ಬಿಟ್ಟುಹೋದ ಬೆರಳಚ್ಚು ಸೊಳ್ಳೆಯ ಹೊಟ್ಟೆಯಲ್ಲಿ ಸಿಕ್ಕಿತ್ತು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಹಿಂಬಾಲಿಸಿ, ಜೀವಿ ಸೊಳ್ಳೆಯ ಜೊಲ್ಲುಗ್ರಂಥಿಗೆ ಬಂದು ಕಚ್ಚುವಾಗ ಮೈಸೇರುತ್ತದೆ ಎಂದು ರಾಸ್ ತೋರಿಸಿದ. ಮನುಷ್ಯರಲ್ಲಿ ಅನಾಫಿಲಿಸ್ ಸೊಳ್ಳೆಯಿಂದಲೇ ಎಂಬುದನ್ನು ಇಟಲಿಯ ಗ್ರಾಸ್ಸಿ ಮತ್ತು ಅವನ ಸಂಗಾತಿಗಳು 1898ರಲ್ಲೇ ಪೂರ್ತಿ ಮಾಡಿದರು. 1902ರಲ್ಲಿ ರಾಸ್‌ಗೆ ನೊಬೆಲ್. ಆ ಸಂದರ್ಭದ ಉಪನ್ಯಾಸದಲ್ಲಿ ಬೌರಿಂಗ್ ಆಸ್ಪತ್ರೆಯ ಅಪ್ಪಯ್ಯನವರ ಹೆಸರೂ ಬಂತು.

ಕೆಟ್ಟ ಗಾಳಿಯ ಕತೆ ಅಲ್ಲಿಗೆ ಮುಗಿಯಿತು. ಹೆಸರು ಮಾತ್ರ ಉಳಿಯಿತು. ಆದರೆ ಗಾಳಿಯನ್ನು ನಂಬಿದವರು ಕಂಡದ್ದೆಲ್ಲ ಸುಳ್ಳಾಯಿತೇ? ಜೌಗಿನ ಹತ್ತಿರ ಜ್ವರ ಹೆಚ್ಚು ಎಂದರು. ನಿಜ, ಸೊಳ್ಳೆ ಅಲ್ಲಿ ಮೊಟ್ಟೆಯಿಡುತ್ತದೆ. ರಾತ್ರಿ ಹೊರಗೆ ಮಲಗಬಾರದು ಎಂದರು. ನಿಜ, ಅನಾಫಿಲಿಸ್ ಕಚ್ಚುವುದು ಕತ್ತಲಲ್ಲಿ. ದಂಡನ್ನು ಶ್ರೀರಂಗಪಟ್ಟಣದಿಂದ ಎತ್ತಿದ್ದೂ ತಪ್ಪಾಗಲಿಲ್ಲ. ಗಂಟಿನ ಹೊರಬಟ್ಟೆ ಕಳಚಿತು, ಒಳಗಿನ ಕಾಳು ಉಳಿಯಿತು.

*

ಚೀನಾದ ಗಂಟು ಬಿಚ್ಚಿಕೊಳ್ಳಲು ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು. ವಿಯೆಟ್ನಾಂ ಯುದ್ಧದಲ್ಲಿ ಗುಂಡಿನಷ್ಟೇ ಮಲೇರಿಯಾವೂ ಸೈನಿಕರನ್ನು ಕೆಡವುತ್ತಿತ್ತು. ಹಳೆಯ ಮಾತ್ರೆ ಕ್ಲೋರೋಕ್ವಿನ್‌ಗೆ ಜೀವಿ ಬಗ್ಗುತ್ತಿರಲಿಲ್ಲ. 1967ರ ಮೇ 23ರಂದು ಹೊಸ ಮದ್ದು ಹುಡುಕಲು ಚೀನಾ ಗುಟ್ಟಾಗಿ ಒಂದು ಯೋಜನೆ ಶುರುಮಾಡಿತು. ತಾರೀಖೇ ಅದರ ಹೆಸರಾಯಿತು: 523. 1969ರಲ್ಲಿ ಬೀಜಿಂಗಿನ ಸಾಂಪ್ರದಾಯಿಕ ವೈದ್ಯ ಅಕಾಡೆಮಿಯ ತೂ ಯೂಯೂ ಅದಕ್ಕೆ ಸೇರಿದರು. ಹಳೆಯ ಗ್ರಂಥ, ಹಳ್ಳಿಯ ವೈದ್ಯರು, ಜನರ ಪತ್ರಗಳಿಂದ ಎರಡು ಸಾವಿರ ಔಷಧಕ್ರಮಗಳನ್ನು ಕೂಡಿಹಾಕಿ, 640ನ್ನು ಆರಿಸಿ, ಸುಮಾರು 200 ಗಿಡಮೂಲಿಕೆಗಳಿಂದ 380 ಸಾರ ತೆಗೆದು ಇಲಿಗಳ ಮೇಲೆ ನೋಡಿದರು. ಚಿಂಗ್‌ಹಾವ್ ಎಂಬ ಗಿಡದ ಸಾರ ಒಮ್ಮೆ ಚೆನ್ನಾಗಿ ಕೆಲಸ ಮಾಡಿತು, ಮತ್ತೊಮ್ಮೆ ಮಾಡಲಿಲ್ಲ.

ಈ ಗಿಡದ ನೆಂಟರು ನಮಗೆ ಗೊತ್ತು. ರಸೆಲ್ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಮಲ್ಲಿಗೆಯ ನಡುವೆ ಕಟ್ಟುವ ದವನ ಅದೇ ಕುಲದ್ದು, ಹಿತ್ತಲ ಮಾಚಿಪತ್ರೆಯೂ ಅದೇ ಕುಲ. ದಾಯಾದಿಗಳು ಎನ್ನೋಣ, ಮದ್ದಲ್ಲ. ದವನ ಮುಡಿದರೆ ಚಳಿಜ್ವರ ಬಿಡದು.

ಸಾರ ಯಾಕೆ ಕೈಕೊಡುತ್ತಿದೆ? ತೂ ಯೂಯೂ ಮತ್ತೆ ಪುಸ್ತಕಕ್ಕೆ ಹೋದರು. ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬಾತ ತುರ್ತಿಗೆಂದು ಬರೆದ ಕೈಪಿಡಿಯಲ್ಲಿ ಚಳಿಜ್ವರಕ್ಕೆ ಒಂದು ಸಾಲಿನ ಮದ್ದಿತ್ತು: ಒಂದು ಹಿಡಿ ಚಿಂಗ್‌ಹಾವನ್ನು ಎರಡಳತೆ ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿ. ಕುದಿಸು ಎಂಬ ಮಾತಿಲ್ಲ. ಚೀನೀ ಮದ್ದೆಂದರೆ ಕಷಾಯ, ಎಲ್ಲರೂ ಕುದಿಸುತ್ತಿದ್ದರು. ಕಾವಿಗೆ ಮದ್ದೇ ಸಾಯುತ್ತಿರಬಹುದೇ? 35 ಡಿಗ್ರಿಯಲ್ಲೇ ಕುದಿಯುವ ಈಥರ್‌ನಲ್ಲಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ 191ನೆಯ ಮಾದರಿ ಇಲಿಗಳ ನೆತ್ತರಿನಿಂದ ಮಲೇರಿಯಾವನ್ನು ಪೂರ್ತಿ ಒರೆಸಿಹಾಕಿತು. ಮರುವರ್ಷ ತೂ ಯೂಯೂ ಮತ್ತು ಇಬ್ಬರು ಸಹೋದ್ಯೋಗಿಗಳು ಮೊದಲು ತಾವೇ ಸೇವಿಸಿದರು. ಬೌರಿಂಗ್ ಆಸ್ಪತ್ರೆಯ ಆ ತೋಳು ಇಲ್ಲಿ ನೆನಪಾಗದೆ ಇರದು. ಸಾರದಿಂದ ಬೇರ್ಪಟ್ಟ ಹರಳಿಗೆ ಆರ್ಟಿಮಿಸಿನಿನ್ ಎಂದು ಹೆಸರಾಯಿತು. 2015ರಲ್ಲಿ ತೂ ಯೂಯೂ ಅವರಿಗೆ ನೊಬೆಲ್ ಬಂತು.

ಆರ್ಟಿಮಿಸಿನಿನ್ ಕೆಲಸ ಮಾಡುವ ಬಗೆ ರಾಸ್ ಕಂಡ ಕಪ್ಪು ಕಣಕ್ಕೇ ನಮ್ಮನ್ನು ಮರಳಿಸುತ್ತದೆ. ಮಲೇರಿಯಾ ಜೀವಿ ನೆತ್ತರಿನ ಹಿಮೋಗ್ಲೋಬಿನ್ ತಿಂದಾಗ ಕಬ್ಬಿಣ ಹೊತ್ತ ಹೀಮ್ ಮಿಗುತ್ತದೆ. ಅದು ವಿಷ, ಜೀವಿ ಅದನ್ನು ಹರಳುಗಟ್ಟಿಸಿ ಮೂಲೆಗೆ ತಳ್ಳುತ್ತದೆ. ಸೂಕ್ಷ್ಮದರ್ಶಕಕ್ಕೆ ಕಾಣುವ ಕಪ್ಪು ಅದೇ. ಆರ್ಟಿಮಿಸಿನಿನ್ ಅಣುವಿನಲ್ಲಿ ಎರಡು ಆಮ್ಲಜನಕಗಳ ಒಂದು ಸೇತುವೆ ಇದೆ. ಹೀಮಿನ ಕಬ್ಬಿಣ ತಗುಲಿದೊಡನೆ ಸೇತುವೆ ಮುರಿದು, ಉಗ್ರ ಚೂರುಗಳು ಜೀವಿಯ ಮೈಯನ್ನೇ ಸುಡುತ್ತವೆ. ಯಾವ ಕಪ್ಪು ಕಳ್ಳನನ್ನು ಹಿಡಿದುಕೊಟ್ಟಿತೋ ಅದರ ಮೂಲವೇ ಅವನ ಕೊರಳಿಗೂ ಉರುಳಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನಮ್ಮ ಅಡುಗೆಮನೆಯ ಒಂದು ಚಿಟಿಕೆ ಸೇರಿಸಿತು. ಈ ಮದ್ದಿನ ಒಂದು ರೂಪದ ಜೊತೆಗೆ ಅರಿಶಿನದ ಕರ್ಕ್ಯೂಮಿನ್ ಕೊಟ್ಟಾಗ ಮಲೇರಿಯಾದ ಇಲಿಗಳು ಮರುಕಳಿಕೆಯಿಂದ ಪಾರಾದವು.

ಗೆ ಹಾಂಗ್‌ನ ಆ ಸಾಲಿನಲ್ಲಿ ಚೀ ಎಂಬ ಪದವೇ ಇಲ್ಲ, ಗಮನಿಸಿ. ಹಿಡಿ, ನೀರು, ಹಿಂಡು, ಕುಡಿ. ತೂ ಯೂಯೂ ಎತ್ತಿಕೊಂಡದ್ದು ಸಿದ್ಧಾಂತವನ್ನಲ್ಲ, ಕೈಯ ಕೆಲಸವನ್ನು.

ಹಾಗಾದರೆ ಚೀ ಸಿಕ್ಕಿತೇ? ಯಾವ ಉಪಕರಣಕ್ಕೂ ಸಿಕ್ಕಿಲ್ಲ. ಚೀಯ ಹರಿವನ್ನೇ ನಂಬಿದ ಸೂಜಿಚಿಕಿತ್ಸೆಯನ್ನು 2019ರಲ್ಲಿ ಭಾರತ ಸರ್ಕಾರ ಸ್ವತಂತ್ರ ಪದ್ಧತಿಯೆಂದು ಮಾನ್ಯ ಮಾಡಿತು. ಆದರೆ ಮಾನ್ಯತೆ ಬೇರೆ, ಸಾಬೀತು ಬೇರೆ. ಹತ್ತಿರದ ಸುಳಿವೊಂದು ಬಂದದ್ದು 2021ರಲ್ಲಿ. ಹಾರ್ವರ್ಡಿನ ಚಿಯೂಫು ಮಾ ಅವರ ತಂಡ ಇಲಿಯ ಮೊಣಕಾಲಿನ ಕೆಳಗೆ, ಸೂಜಿಚಿಕಿತ್ಸೆಯ ಹಳೆಯ ನಕ್ಷೆಯಲ್ಲಿ ‘ಜೂಸಾನ್‌ಲಿ’ ಎಂದು ಗುರುತಿಸಿದ ಜಾಗಕ್ಕೆ ಸೂಜಿಯಿಟ್ಟು ಸಣ್ಣ ವಿದ್ಯುತ್ ಹರಿಸಿತು. ಮೈಯ ಉರಿಯೂತ ತಗ್ಗಿತು. ಅಲ್ಲಿನ ಒಂದು ಬಗೆಯ ಸಂವೇದನಾ ನರ, ಅಲ್ಲಿಂದ ವೇಗಸ್ ನರ, ಅಲ್ಲಿಂದ ಅಡ್ರಿನಲ್ ಗ್ರಂಥಿ: ದಾರಿ ಪತ್ತೆಯಾಯಿತು. ಆ ನರಗಳನ್ನು ಇಲ್ಲವಾಗಿಸಿದರೆ ಸೂಜಿಗೆ ಫಲವಿಲ್ಲ. ಹೊಟ್ಟೆಯ ಮೇಲೆ ಅದೇ ಸಣ್ಣ ವಿದ್ಯುತ್ ಕೊಟ್ಟರೆ ಈ ದಾರಿ ತೆರೆಯುವುದಿಲ್ಲ. ಮೊಣಕಾಲಿನ ಕೆಳಗೆ ಏನೋ ಇದೆ ಎಂದ ಹಳಬರ ಕೈ ಸುಳ್ಳಾಡಿರಲಿಲ್ಲ. ಆದರೆ ದಾರಿಯಲ್ಲಿ ಹರಿದದ್ದು ಅನ್ನದ ಹಬೆಯಲ್ಲ, ನರದ ಸಂದೇಶ.

*

ಕೆ.ಆರ್. ಪುರದ ಕಡೆಯ ಬಡಾವಣೆಗಳಲ್ಲಿ ಇವತ್ತು ನಡೆದು ಹೋದರೆ ಬಹಳ ಮನೆಗಳ ಮುಂದೆ ನೀಲಿ ಡ್ರಮ್ಮು. ಟ್ಯಾಂಕರ್ ಬಂದಾಗ ತುಂಬಿಸಿಕೊಳ್ಳಬೇಕು, ಮುಂದಿನ ಟ್ಯಾಂಕರ್ ಯಾವಾಗಲೋ. ಇಂದಿರಾನಗರದಲ್ಲಿ ಡ್ರಮ್ಮಿನ ಬದಲು ಬಾಲ್ಕನಿಯ ಹೂಕುಂಡದ ತಟ್ಟೆ. ಹಲಸೂರಿನ ಗಲ್ಲಿಯಲ್ಲಿ ಮಾಳಿಗೆಯ ಮೇಲೆ ಬಿಸಾಡಿದ ಟಯರು. ರಾಸ್ ಅಪ್ಪಯ್ಯನವರ ತೋಳಿಗೆ ಬಿಟ್ಟು ಸೋತ ಪಟ್ಟೆಪಟ್ಟೆಯ ಈಡಿಸ್ ಸೊಳ್ಳೆಗೆ ಇವು ಅರಮನೆ. ಮಲೇರಿಯಾ ಹೊರಲಾರದ ಆ ಸೊಳ್ಳೆ ಡೆಂಗಿಯನ್ನು ಚೆನ್ನಾಗಿಯೇ ಹೊರುತ್ತದೆ.

2024ರ ಬೇಸಿಗೆಯಲ್ಲಿ ನೀರಿಲ್ಲದೆ ಊರೆಲ್ಲ ಡ್ರಮ್ಮು ಕೊಂಡಿತು. ಮಳೆಗಾಲದಲ್ಲಿ ಡೆಂಗಿ ಏರಿತು. ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ಪಟ್ಟಣದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. 1883ರಲ್ಲಿ ತೊಟ್ಟಿ ಚೆಲ್ಲಿಸುವುದು ಸೃಷ್ಟಿಯ ಕ್ರಮಕ್ಕೆ ವಿರೋಧವಾಗಿತ್ತು; 2024ರಲ್ಲಿ ಚೆಲ್ಲದಿರುವುದು ಕಾನೂನಿಗೆ ವಿರೋಧ.

ಅಷ್ಟಾದರೂ ಅಡ್ಜುಟೆಂಟ್ ಸಾಹೇಬ ಸತ್ತಿಲ್ಲ. ಆರೋಗ್ಯ ಕಾರ್ಯಕರ್ತೆ ಗೇಟು ತಟ್ಟಿ ಡ್ರಮ್ಮಿನ ಮುಚ್ಚಳ ತೆಗೆಯಿರಿ ಎಂದರೆ ನಾವು ಕೊಡುವ ಉತ್ತರಗಳನ್ನು ಕೇಳಿ. ನಮ್ಮ ಮನೆಯದಲ್ಲ ಬಿಡಿ, ಗಾಳಿಯಲ್ಲೇ ಇದೆ. ಈ ಹವೆಯೇ ಹಾಗೆ, ಎಲ್ಲರಿಗೂ ಜ್ವರ. ಅಷ್ಟು ನೀರು ಚೆಲ್ಲಿದರೆ ನಾಳೆಗೇನು ಮಾಡಲಿ? ಕೊನೆಯ ಮಾತಿಗೆ ಬೆಲೆ ಇದೆ. ಅದಕ್ಕೆ ಉತ್ತರ ಕೊಡಬೇಕಾದದ್ದು ನಲ್ಲಿ. ಮೊದಲೆರಡಕ್ಕೆ ಉತ್ತರ ಬೇಕಿಲ್ಲ. ಬಗ್ಗಿ ನೋಡಿದರೆ ಸಾಕು, ನೀರಿನಲ್ಲಿ ಮೈ ಕೊಂಕಿಸಿ ಕುಣಿಯುತ್ತಿರುತ್ತದೆ.